ಆಯ್ಕೆಗೆ ಮೊದಲೇ ಫೋಟೋ ಯಾಕೆ? ಧಾರವಾಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಧಾರವಾಡ ಜಿಲ್ಲೆ, ಧಾರವಾಡ.

ವಿಷಯ: ಕೆಲಸದ ಅರ್ಜಿ ಮತ್ತು ಶಾಲಾ ಪ್ರವೇಶದ ಅರ್ಜಿಗಳಲ್ಲಿ ಆಯ್ಕೆ ಆಗುವ ಮೊದಲೇ ಫೋಟೋ ಕೇಳುವುದನ್ನು ನಿಲ್ಲಿಸುವ ಕುರಿತು.

ಮಾನ್ಯರೇ,

ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳ ನಡುವೆ ನನ್ನದೊಂದು ಸಣ್ಣ ಅಂಗಡಿ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೋ, ಝೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ತುಂಬಿಕೊಡುವುದು, ಇದೇ ನನ್ನ ಹೊಟ್ಟೆಪಾಡು. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ ಕಡೆಯಿಂದ ಓದಲು ಬಂದ ಹುಡುಗ ಹುಡುಗಿಯರು ವರ್ಷಪೂರ್ತಿ ಬರುತ್ತಾರೆ. ಸರ್ಕಾರಿ ನೌಕರಿಗೆ ಅರ್ಜಿ ಕರೆದಾಗ ಅದನ್ನು ತುಂಬುತ್ತಾರೆ. ಕರೆಯದೇ ಇದ್ದಾಗ ರೂಮ್ ಬಾಡಿಗೆಗೆ, ಮೆಸ್ ಬಿಲ್ಲಿಗೆ ಆಗಲಿ ಅಂತ ಹುಬ್ಬಳ್ಳಿಯಲ್ಲಿ ಯಾವುದಾದರೂ ಖಾಸಗಿ ಕೆಲಸ ಹುಡುಕುತ್ತಾರೆ. ಅಡ್ಮಿಶನ್ ಸೀಜನ್ ಬಂತೆಂದರೆ ಫಾರ್ಮ್ ಹಿಡಿದು ತಂದೆ ತಾಯಂದಿರು ಬರುತ್ತಾರೆ. ಎಲ್ಲರಿಗೂ ಮೊದಲು ಬೇಕಾಗುವುದು ಫೋಟೋ.

ಫೋಟೋ ಕೇಳುವುದು ಕಡಿಮೆಯಾದರೆ ನನ್ನ ವ್ಯಾಪಾರವೂ ಕಡಿಮೆಯಾಗುತ್ತದೆ. ಅದು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇನೆ. ಕ್ಯಾಮೆರಾ ಮುಂದೆ ಸ್ಟೂಲಿನ ಮೇಲೆ ಕೂತವರ ಮುಖದಲ್ಲಿರುವ ಅಂಜಿಕೆಯನ್ನು ನಾನು ದಿನಾ ನೋಡುತ್ತೇನೆ. ಅದನ್ನು ತಮ್ಮ ಗಮನಕ್ಕೆ ತರದೇ ಸುಮ್ಮನಿರಲು ಆಗುತ್ತಿಲ್ಲ.

ಸರ್ಕಾರಿ ಪರೀಕ್ಷೆಗೆ ಫೋಟೋ ತೆಗೆಸುವವರು ಕೇಳುವುದು ಇಷ್ಟೇ: "ಸೈಜ್ ಸರಿ ಐತಿಲ್ರಿ? ಕೆಬಿ ಎಷ್ಟ್ ಆತು? ರಿಜೆಕ್ಟ್ ಆಗೂದಿಲ್ಲಲ್ರಿ?" ಮುಖ ಹೇಗೆ ಬಂತು ಅಂತ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಖಾಸಗಿ ಕೆಲಸಕ್ಕೆ ಫೋಟೋ ತೆಗೆಸುವವರ ಮಾತೇ ಬೇರೆ. "ಅಣ್ಣಾ, ಸ್ವಲ್ಪ ಬೆಳ್ಳಗ ಮಾಡ್ರಿ." "ಈ ಮೊಡವಿ ಕಲಿ ತಗೀರಿ." "ಹಲ್ಲು ಮುಂದ ಕಾಣಾಕತ್ತಾವ, ಇನ್ನೊಂದು ಹೊಡೀರಿ." ಮುಂಡರಗಿ ಕಡೆಯ ಒಬ್ಬ ಹುಡುಗಿ ಕಂಪ್ಯೂಟರಿನಲ್ಲಿ ತನ್ನ ಫೋಟೋ ನೋಡಿ, "ಇದನ್ನ ಕಳಿಸಿದ್ರ ನನ್ನ ಕರೀತಾರೇನ್ರಿ ಅಣ್ಣಾ?" ಅಂತ ಕೇಳಿದಳು. ಆಕೆ ಬಿ.ಕಾಂ. ಮುಗಿಸಿದ್ದಾಳೆ. ಟ್ಯಾಲಿ ಕಲಿತಿದ್ದಾಳೆ. ಜಿಎಸ್‌ಟಿ ರಿಟರ್ನ್ ತುಂಬಲು ಬರುತ್ತದೆ. ಅರ್ಜಿ ಹಾಕುತ್ತಿದ್ದದ್ದು ಲೆಕ್ಕ ಬರೆಯುವ ಕೆಲಸಕ್ಕೆ. ಇಷ್ಟೆಲ್ಲ ಇದ್ದೂ ಆಕೆಗೆ ಚಿಂತೆ ಇದ್ದದ್ದು ತನ್ನ ಮೈಬಣ್ಣದ ಬಗ್ಗೆ.

ಆ ಚಿಂತೆ ಸುಮ್ನೆ ಹುಟ್ಟಿದ್ದಲ್ಲ. ಡಿಪ್ಲೊಮಾ ಮಾಡಿದ ಇನ್ನೊಬ್ಬ ಹುಡುಗ ಇದ್ದಾನೆ. ಅವನಿಗೆ ತುಟಿಯ ಮೇಲೆ, ಕಣ್ಣಿನ ಸುತ್ತ ತೊನ್ನು. ಒಂದು ಗೋಡೌನಿನಲ್ಲಿ ಸ್ಟಾಕ್ ಬರೆದುಕೊಳ್ಳುವ ಕೆಲಸಕ್ಕೆ ಫೋನಿನಲ್ಲಿ ಎಲ್ಲ ಮಾತಾಗಿತ್ತು. ಸಂಬಳ ಹೇಳಿದ್ದರು, ಸೋಮವಾರ ಬಾ ಅಂದಿದ್ದರು. "ಒಂದು ಫೋಟೋ ಹಾಕಿಬಿಡು" ಅಂದರು, ಇವನು ಕಳಿಸಿದ. ಆಮೇಲೆ ಫೋನ್ ಎತ್ತಲಿಲ್ಲ. ಬೇರೆ ನಂಬರಿನಿಂದ ಮಾಡಿದಾಗ "ಆ ಪೋಸ್ಟ್ ತುಂಬೇತಿ" ಅಂದರು. ಅದೇ ಜಾಹೀರಾತು ಮರುವಾರ ಮತ್ತೆ ವಾಟ್ಸಾಪ್ ಗ್ರೂಪಿಗೆ ಬಂತು. ತೊನ್ನು ಅಂಟುರೋಗ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಕೆಲವು ಕಡೆ ನಾಶವಾಗುತ್ತವೆ, ಅಷ್ಟೇ. ಚೀಲ ಎಣಿಸಿ ಬರೆದುಕೊಳ್ಳುವ ಕೆಲಸಕ್ಕೆ ಅದು ಯಾವ ಅಡ್ಡಿ?

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. "ರಿಸೆಪ್ಷನಿಸ್ಟ್ ಬೇಕಾಗಿದ್ದಾರೆ, ಯುವತಿಯರು ಮಾತ್ರ, ಫುಲ್ ಸೈಜ್ ಫೋಟೋ ವಾಟ್ಸಾಪ್ ಮಾಡಿ." ಇಂಥ ಜಾಹೀರಾತು ನಮ್ಮ ಅವಳಿನಗರದ ಗ್ರೂಪುಗಳಲ್ಲಿ ದಿನಾ ಓಡಾಡುತ್ತವೆ. ಕೆಳಗೆ ಒಂದು ಮೊಬೈಲ್ ನಂಬರ್ ಇರುತ್ತದೆ. ಕಂಪನಿಯ ಹೆಸರಿಲ್ಲ, ವಿಳಾಸ ಇಲ್ಲ, ಎಷ್ಟೋ ಸಲ ಸಂಬಳದ ಮಾತೂ ಇರುವುದಿಲ್ಲ. ಹೀಗೆ ಫೋಟೋ ಕಳಿಸಿದ ಒಬ್ಬ ತಂಗಿಗೆ ಕೆಲಸದ ಉತ್ತರ ಬರಲಿಲ್ಲ. ರಾತ್ರಿ ಹತ್ತರ ಮೇಲೆ "ಊಟ ಆಯ್ತಾ" ಅಂತ ಮೆಸೇಜ್ ಬರಲು ಶುರುವಾಯಿತು. ಬ್ಲಾಕ್ ಮಾಡಿದರೆ ಇನ್ನೊಂದು ನಂಬರಿನಿಂದ. ಕೊನೆಗೆ ಆಕೆ ಸಿಮ್ಮನ್ನೇ ಬದಲಿಸಿದಳು. ಹಳೆಯ ನಂಬರ್ ಕೊಟ್ಟು ಬೇರೆ ಕಡೆ ಹಾಕಿದ್ದ ಅರ್ಜಿಗಳಿಗೆ ಯಾರಾದರೂ ಇಂಟರ್‌ವ್ಯೂಗೆ ಕರೆದಿದ್ದರೂ ಈಗ ಆಕೆಗೆ ತಿಳಿಯುವಂತಿಲ್ಲ. ಕೆಲಸ ಹುಡುಕಿದ್ದಕ್ಕೆ ಆಕೆ ತೆತ್ತ ದಂಡ ಇದು. ಮನೆಯಲ್ಲಿ ಹೇಳಿದರೆ ಊರಿಗೆ ವಾಪಸ್ ಬಾ ಅನ್ನುತ್ತಾರೆ ಎಂಬ ಅಂಜಿಕೆಗೆ ದೂರನ್ನೂ ಕೊಡಲಿಲ್ಲ.

ಹಾಗಾದರೆ ಹೀಗೆ ಫೋಟೋ ಕೇಳಲು ಕಾನೂನು ಬಿಡುತ್ತದೆಯೇ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಅಂಗಡಿಗೆ ಬರುವ ಕಾನೂನು ವಿದ್ಯಾರ್ಥಿಗಳ ಜೊತೆ ಕೂತು ಒಂದೊಂದೇ ಕಾಯ್ದೆ ತೆಗೆದು ಓದಿದೆ. ತಿಳಿದದ್ದನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ಖಾಸಗಿ ಕಂಪನಿ ಅರ್ಜಿಯ ಜೊತೆ ಫೋಟೋ ಕೇಳಬಾರದು ಅಂತ ನೇರವಾಗಿ ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಆದರೆ ಆ ಫೋಟೋ ಇಟ್ಟುಕೊಂಡು ಮಾಡುವ ಎಷ್ಟೋ ಕೆಲಸಗಳನ್ನು ಕಾನೂನು ಆಗಲೇ ತಪ್ಪು ಅಂದಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಡಿ. ಅದರ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆ್ಯಸಿಡ್ ದಾಳಿಗೆ ತುತ್ತಾದವರು, ಕುಷ್ಠರೋಗ ವಾಸಿಯಾದವರು, ಕುಳ್ಳತನ ಇರುವವರು ಎಲ್ಲರೂ ಅದರಲ್ಲಿದ್ದಾರೆ. ಇವೆಲ್ಲ ಫೋಟೋದಲ್ಲೇ ಕಾಣುವಂಥವು. ಇಂಥವರ ವಿರುದ್ಧ ಭೇದ ಮಾಡಬಾರದು ಅಂತ ಕಾಯ್ದೆ ಹೇಳುತ್ತದೆ. ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕಾದ ಜವಾಬ್ದಾರಿಯನ್ನು ಖಾಸಗಿ ಸಂಸ್ಥೆಗಳ ಮೇಲೂ ಹಾಕಿದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ನೇಮಕಾತಿಯಲ್ಲಿ ಭೇದ ಮಾಡುವುದನ್ನು ತಡೆದಿದೆ. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ನೌಕರಿಗಳಲ್ಲಿ ಅವರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ಅದೇ ವ್ಯಕ್ತಿ ಖಾಸಗಿ ಕೆಲಸಕ್ಕೆ ಅರ್ಜಿ ಹಾಕಿದರೆ ಮಾರ್ಕ್ಸ್ ಕಾರ್ಡಿನ ಹಳೆಯ ಹೆಸರಿನ ಪಕ್ಕದಲ್ಲೇ ಈಗಿನ ಮುಖ ಅಂಟಿಸಬೇಕು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕೆಲಸಕ್ಕೆ ಆಳು ತೆಗೆದುಕೊಳ್ಳುವಾಗ ಗಂಡು ಹೆಣ್ಣು ಎಂಬ ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದು ಇದೆ. "ಯುವತಿಯರು ಮಾತ್ರ, ಫುಲ್ ಸೈಜ್ ಫೋಟೋ" ಎಂಬ ಜಾಹೀರಾತನ್ನು ಇದರ ಪಕ್ಕ ಇಟ್ಟು ನೋಡಿ.

ಇನ್ನು ಕೆಲವು ಕಡೆ ಕಾನೂನಿನ ಕೈ ಮುಟ್ಟುವುದೇ ಇಲ್ಲ. ಆ ಹುಡುಗನ ತೊನ್ನು ಈ 21ರ ಪಟ್ಟಿಯಲ್ಲಿ ಇಲ್ಲ. ಒಲೆಯ ಬೆಂಕಿಗೆ ಮುಖ ಸುಟ್ಟುಕೊಂಡವರ ಕಲೆಗೂ ಅದರಲ್ಲಿ ಹೆಸರಿಲ್ಲ. ಸಂವಿಧಾನದ 15 ಮತ್ತು 16ನೇ ವಿಧಿಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಹೆಸರಿನಲ್ಲಿ ಭೇದ ಬೇಡ ಅನ್ನುತ್ತವೆ. ಮೈಬಣ್ಣ ಆ ಪಟ್ಟಿಯಲ್ಲಿ ಬರುವುದಿಲ್ಲ. 16ನೇ ವಿಧಿ ಇರುವುದು ಸರ್ಕಾರಿ ನೌಕರಿಗೆ. ಖಾಸಗಿ ಅಂಗಡಿಯ ಮಾಲೀಕರು ಕಪ್ಪಗಿದ್ದಾಳೆ ಅಂತ ಆ ಹುಡುಗಿಯನ್ನು ಬಿಟ್ಟರೆ ಆಕೆ ಯಾವ ಕಾಯ್ದೆ ಹಿಡಿದು ಹೋಗಬೇಕು?

ಕಾಯ್ದೆ ಇದ್ದ ಕಡೆಯೂ ಒಂದು ದೊಡ್ಡ ತೊಡಕಿದೆ. ಫೋಟೋ ನೋಡಿ ಅರ್ಜಿ ಬದಿಗಿಟ್ಟವರು ಕಾರಣ ಬರೆದುಕೊಡುವುದಿಲ್ಲ. "ಪೋಸ್ಟ್ ತುಂಬೇತಿ" ಅಂದರೆ ಮುಗಿಯಿತು. ಕರೆ ಬರಲಿಲ್ಲ ಎಂಬುದು ಮಾತ್ರ ಅರ್ಜಿದಾರರಿಗೆ ಗೊತ್ತು. ಯಾಕೆ ಬರಲಿಲ್ಲ ಅಂತ ಅವರು ಯಾವತ್ತೂ ಸಾಬೀತು ಮಾಡಲಾರರು. ಅಂಕಪಟ್ಟಿ ತೆರೆಯುವ ಮೊದಲೇ, ಒಂದು ಪ್ರಶ್ನೆ ಕೇಳುವ ಮೊದಲೇ ಆಟ ಮುಗಿದಿರುತ್ತದೆ. ಅದಕ್ಕೇ ಆಮೇಲೆ ದೂರು ಕೊಡಿ ಅನ್ನುವುದು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಫೋಟೋ ಕೇಳುವ ಹೊತ್ತನ್ನೇ ಬದಲಾಯಿಸಬೇಕು. ಆಯ್ಕೆ ಆದ ಮೇಲೆ ಕೇಳಲಿ, ಬೇಡ ಅನ್ನುವವರು ಯಾರೂ ಇಲ್ಲ. ಐಡಿ ಕಾರ್ಡಿಗೆ ಬೇಕು, ಗೇಟಿನಲ್ಲಿ ಗುರುತಿಗೆ ಬೇಕು. ನಾನೇ ತೆಗೆದುಕೊಡುತ್ತೇನೆ.

ಇದು ನನ್ನ ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದಲ್ಲಿ ಕೆಲಸದಲ್ಲಿನ ಭೇದಭಾವ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. ಅರ್ಜಿದಾರರ ಫೋಟೋ ಕೇಳಬೇಡಿ, ಗುರುತಿಗೆ ಬೇಕಾದರೆ ಕೆಲಸ ಕೊಟ್ಟು ಅವರು ಒಪ್ಪಿದ ಮೇಲೆ ತೆಗೆದುಕೊಳ್ಳಿ ಅಂತ ಅದು ಮಾಲೀಕರಿಗೆ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿಯ 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಜನಾಂಗದ ಜೊತೆಗೆ ಮೈಬಣ್ಣವನ್ನೂ ಬೇರೆಯಾಗಿಯೇ ಹೆಸರಿಸಿದ್ದಾರೆ. ಜರ್ಮನಿಯಲ್ಲಿ 2006ರಲ್ಲಿ ಸಮಾನತೆಯ ಕಾನೂನು ಬಂತು. ಆದರೂ ಅಲ್ಲಿ ಎಷ್ಟೋ ಜನ ಹಳೆಯ ರೂಢಿಯಂತೆ ಈಗಲೂ ಫೋಟೋ ಅಂಟಿಸುತ್ತಾರಂತೆ. ಕಾನೂನು ಬಂದರೂ ರೂಢಿ ಬೇಗ ಬಿಡುವುದಿಲ್ಲ. ಅದಕ್ಕೆ ಕಣ್ಣಿಗೆ ಕಾಣುವ ಕಡೆ ಯಾರಾದರೂ ಮೊದಲು ನಿಲ್ಲಿಸಬೇಕು.

ಅಷ್ಟು ದೂರ ಯಾಕೆ, ನಮ್ಮ ಪರೀಕ್ಷೆಗಳನ್ನೇ ನೋಡಿ. ಕೆಪಿಎಸ್‌ಸಿ ಇರಲಿ, ಕೆಇಎ ಇರಲಿ, ಹಾಲ್ ಟಿಕೆಟ್ ಮೇಲೆ ಫೋಟೋ ಇದ್ದೇ ಇರುತ್ತದೆ. ಒಬ್ಬರ ಬದಲು ಇನ್ನೊಬ್ಬರು ಬಂದು ಬರೆಯಬಾರದಲ್ವಾ? ಬಾಗಿಲಲ್ಲಿ ಮುಖಕ್ಕೂ ಫೋಟೋಗೂ ಹೋಲಿಸಿ ಒಳಗೆ ಬಿಡುತ್ತಾರೆ. ಅದು ನ್ಯಾಯ. ಆದರೆ ಉತ್ತರ ತಿದ್ದುವವರ ಕೈಗೆ ಆ ಫೋಟೋ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ನಂಬರ್ ಮಾತ್ರ. ಎಸ್‌ಎಸ್‌ಎಲ್‌ಸಿಯಲ್ಲೂ ಹಾಗೆಯೇ. ತಿದ್ದುವ ಮೇಷ್ಟ್ರಿಗೆ ಮಗು ಕಪ್ಪೋ ಬಿಳುಪೋ, ಯಾವ ಓಣಿಯದೋ ಗೊತ್ತಿರುವುದಿಲ್ಲ. ಬಡವರ ಮಕ್ಕಳು ಈ ಪರೀಕ್ಷೆಗಳನ್ನು ನಂಬಿ ವರ್ಷಗಟ್ಟಲೆ ಸಪ್ತಾಪುರದ ಸಣ್ಣ ರೂಮುಗಳಲ್ಲಿ ಕೂತು ಓದುತ್ತಾರೆ ಅಂದರೆ ಅದಕ್ಕೆ ದೊಡ್ಡ ಕಾರಣ ಇದೇ. ಮುಖವನ್ನು ಬಾಗಿಲಲ್ಲಿ ನೋಡಬೇಕು, ಅಂಕ ಹಾಕುವ ಮೇಜಿನಲ್ಲಿ ನೋಡಬಾರದು ಅಂತ ಸರ್ಕಾರಕ್ಕೆ ಎಂದೋ ಗೊತ್ತಿದೆ. ಆ ತಿಳಿವಳಿಕೆಯನ್ನು ಉಳಿದ ಅರ್ಜಿಗಳಿಗೂ ತನ್ನಿ ಅಂತ ನಾನು ಕೇಳುತ್ತಿದ್ದೇನೆ.

ಬೇಸರದ ಸಂಗತಿ ಅಂದರೆ ಸರ್ಕಾರದ ಕೆಲವು ಕಡೆಗಳಲ್ಲೇ ಈ ಪದ್ಧತಿ ಇಲ್ಲ. ಪರೀಕ್ಷೆ ಇಲ್ಲದೆ ತುಂಬುವ ಗುತ್ತಿಗೆ ಕೆಲಸ, ಏಜೆನ್ಸಿ ಮೂಲಕ ತೆಗೆದುಕೊಳ್ಳುವ ಹೊರಗುತ್ತಿಗೆ ಕೆಲಸ, ಅತಿಥಿ ಶಿಕ್ಷಕರ ಅರ್ಜಿ, ಇವುಗಳ ಮೊದಲ ಪುಟದ ಬಲಮೂಲೆಯಲ್ಲೇ ಫೋಟೋದ ಚೌಕ ಇರುವ ಫಾರ್ಮುಗಳನ್ನು ನಾನೇ ತುಂಬಿಕೊಟ್ಟಿದ್ದೇನೆ. ಉದ್ಯೋಗ ಮೇಳಗಳಲ್ಲೂ ಅಷ್ಟೇ. ಹುಡುಗರು ಬಯೋಡೇಟಾದ ಹತ್ತು ಪ್ರತಿ ಮಾಡಿಸಿಕೊಂಡು, ಹತ್ತಕ್ಕೂ ಫೋಟೋ ಅಂಟಿಸಿಕೊಂಡು ಹೋಗುತ್ತಾರೆ. ಸ್ಟಾಲಿನಲ್ಲಿ ಕೂತವರು ಆ ಕಾಗದಗಳನ್ನು ಎರಡು ಗುಡ್ಡೆ ಮಾಡುತ್ತಾರೆ. ಎದುರಿಗೆ ನಿಂತವರು ಬಾಯಿ ತೆರೆಯುವ ಮೊದಲೇ ಕಾಗದ ಯಾವುದೋ ಒಂದು ಗುಡ್ಡೆಗೆ ಬಿದ್ದಿರುತ್ತದೆ.

ಮಾಲೀಕರ ಮಾತನ್ನೂ ನಾನು ಕೇಳಿದ್ದೇನೆ. ಪರಿಚಯದ ಒಬ್ಬರು, ಒಳ್ಳೆಯ ಮನುಷ್ಯರೇ, ಹೇಳಿದರು: "ಒಂದ ದಿವಸಕ್ಕ ನೂರು ಮಂದಿ ಬರ್ತಾರ್ರಿ. ಫೋಟೋ ಇಲ್ಲಂದ್ರ ಯಾರು ಏನು ಹೇಳಿದ್ರು ಅನ್ನೂದು ನೆನಪ ಉಳಿಯೂದಿಲ್ಲ." ಇದಕ್ಕೆ ಟೋಕನ್ ನಂಬರ್ ಸಾಕು. ದವಾಖಾನೆಗಳಲ್ಲಿ ದಿನಾ ಅದೇ ನಡೆಯುತ್ತದೆ. "ಹೆಸರು ಓದಿದರೇ ಜಾತಿ ಧರ್ಮ ಗೊತ್ತಾಗುತ್ತದೆ, ಅರ್ಜಿಯಿಂದ ಫೋಟೋ ತೆಗೆದುಹಾಕಿ ಏನು ಉಪಯೋಗ?" ಅಂತ ಇನ್ನೊಬ್ಬರು ಕೇಳಿದರು. ಮಾತು ಸುಳ್ಳಲ್ಲ. ಆದರೆ ಹೆಸರಿಲ್ಲದೆ ಯಾರನ್ನೂ ಕರೆಯಲು ಆಗುವುದಿಲ್ಲ. ಮುಖ ನೋಡದೆ ಅಂಕಪಟ್ಟಿ ಓದಬಹುದು. ವಿಭೂತಿ, ಕುಂಕುಮ, ಟೋಪಿ, ಗಡ್ಡ, ಬುರ್ಖಾ, ಇವೆಲ್ಲ ಫೋಟೋದಲ್ಲಿ ಒಂದೇ ನೋಟಕ್ಕೆ ಕಾಣುತ್ತವೆ. ನಮ್ಮ ಹುಬ್ಬಳ್ಳಿ ಎಲ್ಲ ಜನ ಕೂಡಿ ವ್ಯಾಪಾರ ಮಾಡುವ ಊರು. ಇಲ್ಲಿ ಅದರ ಅರ್ಥ ಏನು ಅಂತ ತಮಗೆ ನನಗಿಂತ ಜಾಸ್ತಿ ಗೊತ್ತು. ನಟನೆ, ಮಾಡೆಲಿಂಗ್ ಅಂಥ ಕೆಲಸಗಳ ಮಾತು ಬೇರೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ.

ಇನ್ನು ಶಾಲೆಗಳ ವಿಷಯ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ವಿಷಯ.

ಅವಳಿನಗರದ ಕೆಲವು ಖಾಸಗಿ ಶಾಲೆಗಳ ಅರ್ಜಿಯಲ್ಲಿ ಮಗುವಿನ ಫೋಟೋದ ಜೊತೆ ತಂದೆಯದು, ತಾಯಿಯದು, ಅದರ ಮೇಲೆ ಒಂದು ಫ್ಯಾಮಿಲಿ ಗ್ರೂಪ್ ಫೋಟೋ ಕೇಳುತ್ತಾರೆ. ಸೀಟು ಕೊಟ್ಟ ಮೇಲೆ ಅಲ್ಲ, ಅರ್ಜಿಯ ಜೊತೆಗೇ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಒಬ್ಬರು ಮಗಳನ್ನು ಒಂದನೇ ತರಗತಿಗೆ ಸೇರಿಸಲು ಹೀಗೊಂದು ಫಾರ್ಮ್ ತಂದಿದ್ದರು. ಬೇರೆಯವರ ಅಂಗಿ ಹಾಕಿಕೊಂಡು ಬಂದಿದ್ದರು, ಭುಜ ಸಡಿಲವಾಗಿ ಇಳಿಬಿದ್ದಿತ್ತು. ಅವರ ಮನೆಯವರು ಸೆರಗನ್ನು ಕೊರಳ ತನಕ ಎಳೆದುಕೊಂಡು, "ಕೊರಳಾಗ ಏನೂ ಇಲ್ಲರಿ, ಫೋಟೋದಾಗ ಗೊತ್ತಾಗ್ತದೇನ್ರಿ?" ಅಂತ ಕೇಳಿದರು. ಆ ಮಗು ಅಕ್ಷರ ಗುರುತಿಸುತ್ತಿತ್ತು. ನನ್ನ ಅಂಗಡಿಯ ಬೋರ್ಡನ್ನು ಕೂಡಿಸಿ ಕೂಡಿಸಿ ಓದಿತು. ಆ ಸೀಟು ಅವರಿಗೆ ಸಿಗಲಿಲ್ಲ. ಫೋಟೋ ನೋಡಿಯೇ ಬಿಟ್ಟರು ಅಂತ ನಾನು ಹೇಳುತ್ತಿಲ್ಲ, ಅದನ್ನು ಯಾರೂ ಹೇಳಲಾರರು. ಆದರೆ ಒಂದು ಮಗುವಿಗೆ ಅಕ್ಷರ ಕಲಿಸಲು ಅದರ ಅವ್ವನ ಕೊರಳು ನೋಡುವ ಅಗತ್ಯ ಯಾವ ಶಾಲೆಗೂ ಇಲ್ಲ.

ಶಾಲೆಗಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಪ್ರವೇಶದ ಹೊತ್ತಿನಲ್ಲಿ ಮಗುವನ್ನಾಗಲಿ, ತಂದೆ ತಾಯಿಯನ್ನಾಗಲಿ ಸೋಸುವ ಹಾಗಿಲ್ಲ. ಲಾಟರಿಯಂಥ ಯಾದೃಚ್ಛಿಕ ವಿಧಾನ ಬಿಟ್ಟು ಒಂದು ಮಗುವಿಗಿಂತ ಇನ್ನೊಂದನ್ನು ಆರಿಸುವ ಯಾವ ವಿಧಾನವೂ ಇದರಲ್ಲಿ ಬರುತ್ತದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿ ತನಕ, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿ ತನಕ ದಂಡ ಇದೆ. ಫೋಟೋ ಎಂಬ ಮಾತು ಕಲಂನಲ್ಲಿ ಇಲ್ಲ, ಒಪ್ಪುತ್ತೇನೆ. ಆದರೆ ಸೀಟು ಕೊಡುವ ಮೊದಲು ಇಡೀ ಕುಟುಂಬದ ಫೋಟೋ ತರಿಸಿ ನೋಡುವುದಕ್ಕೆ ಸೋಸುವುದು ಬಿಟ್ಟು ಬೇರೆ ಯಾವ ಉದ್ದೇಶ ಇರಬಹುದು? ಶಾಲೆಗಳೇ ಉತ್ತರ ಹೇಳಲಿ. ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅಂತ ಹೇಳಿ ಎಲ್‌ಕೆಜಿಯಲ್ಲೇ ಸೋಸುವ ಕೆಲಸ ಮುಗಿಸಿಬಿಡುವ ಶಾಲೆಗಳೂ ಇವೆ. ಎಲ್‌ಕೆಜಿಗೆ ಸೇರಿದವರೇ ಒಂದನೇ ತರಗತಿಗೆ ಹೋಗುತ್ತಾರೆ. ಹೊರಗಿನವರಿಗೆ "ಸೀಟಿಲ್ಲ" ಎಂಬ ಉತ್ತರ ಸಿಗುತ್ತದೆ.

ಕೊಟ್ಟ ಫೋಟೋ ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತಲೂ ಯಾರೂ ಕೇಳುವುದಿಲ್ಲ. ಆಯ್ಕೆ ಆಗದವರ ಅರ್ಜಿಗಳು ರದ್ದಿಗೆ ಹೋಗುತ್ತವೆ. ಫೋಟೋ, ವಿಳಾಸ, ಫೋನ್ ನಂಬರ್ ಸಮೇತ ಇದ್ದ ಒಂದು ಬಯೋಡೇಟಾದಲ್ಲಿ ಮಿರ್ಚಿ ಕಟ್ಟಿಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೊಬ್ಬ ಹೆಣ್ಣುಮಗಳ ಬಯೋಡೇಟಾ. ಜೊತೆಗೆ ಆಧಾರ್ ಝೆರಾಕ್ಸ್ ಕೂಡ ಕೇಳುವ ಕಡೆ ಅಪಾಯ ಇನ್ನೂ ಜಾಸ್ತಿ. ಆ ಎರಡೂ ಕೆಟ್ಟ ಕೈಗೆ ಸಿಕ್ಕರೆ ಏನೇನು ಆಗಬಹುದು ಅಂತ ಪೊಲೀಸರೇ ಎಚ್ಚರಿಸುತ್ತಿರುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹಾಕಿದ್ದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಒಂದು ಉದ್ದೇಶಕ್ಕೆ ಎಷ್ಟು ಮಾಹಿತಿ ಅಗತ್ಯವೋ ಅಷ್ಟಕ್ಕೆ ಮಾತ್ರ ಒಪ್ಪಿಗೆ ನಿಲ್ಲುತ್ತದೆ ಅಂತ ಅದರಲ್ಲಿದೆ. ಕಾಯ್ದೆಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಫೋನಿನಲ್ಲೇ ಡಾಕ್ಟರ ಸಲಹೆ ಕೊಡಿಸುವ ಆ್ಯಪ್ ಒಂದು ನಮ್ಮ ಫೋನಿನ ಕಾಂಟ್ಯಾಕ್ಟ್ ಲಿಸ್ಟನ್ನೂ ಕೇಳುತ್ತದೆ. ನಾವು ಸರಿ ಅಂದರೂ, ಸಲಹೆಗೆ ಆ ಲಿಸ್ಟ್ ಬೇಕಿಲ್ಲವಾದ್ದರಿಂದ ಅಷ್ಟರ ಮಟ್ಟಿಗೆ ಒಪ್ಪಿಗೆ ನಿಲ್ಲುವುದಿಲ್ಲ. ಲೆಕ್ಕ ಬರೆಯುವವರ ಮುಖದ ಫೋಟೋಗೂ ಇದೇ ಮಾತು ಹೊಂದುತ್ತದೆ ಅಂತ ನನಗೆ ಅನಿಸುತ್ತದೆ. ಮಕ್ಕಳ ಮಾಹಿತಿಗೆ, ಅಂದರೆ 18 ತುಂಬದವರ ಮಾಹಿತಿಗೆ, ತಂದೆ ತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಓದುವ ಅವಕಾಶವನ್ನೂ ಕಾಯ್ದೆ ಕೊಟ್ಟಿದೆ. 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಮುಖ್ಯ ಜವಾಬ್ದಾರಿಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಇಟ್ಟರು. ಇದು ವಾಟ್ಸಾಪಿನಲ್ಲಿ, ಕಂಪ್ಯೂಟರಿನಲ್ಲಿ ಇರುವ ಮಾಹಿತಿಗೆ ಅನ್ವಯ. ಡ್ರಾಯರಿನಲ್ಲಿ ಬಿದ್ದಿರುವ ಕಾಗದದ ಅರ್ಜಿಗೆ ಇದರ ರಕ್ಷಣೆ ಇಲ್ಲ. ಕಾಗದದ ಅರ್ಜಿಗಳೇ ಜಾಸ್ತಿ ಇರುವ ನಮ್ಮಂಥ ಊರಿಗೆ ಜಿಲ್ಲಾಡಳಿತವೇ ಕಾವಲಾಗಬೇಕು.

ಮಾನ್ಯರೇ, ಹೊಸ ಕಾನೂನು ಮಾಡುವುದು ತಮ್ಮ ಕೈಯಲ್ಲಿಲ್ಲ, ಅದು ನನಗೆ ತಿಳಿದಿದೆ. ತಮ್ಮ ಕೈಯಲ್ಲಿ ಇರುವುದನ್ನೇ ಕೇಳುತ್ತಿದ್ದೇನೆ.

ಜಿಲ್ಲಾಡಳಿತ ನಡೆಸುವ ಉದ್ಯೋಗ ಮೇಳಗಳ ನೋಂದಣಿ ಅರ್ಜಿಯಿಂದ ಫೋಟೋದ ಚೌಕ ತೆಗೆಸಿ. ಸ್ಟಾಲ್ ಹಾಕುವ ಕಂಪನಿಗಳಿಗೂ ಅದೇ ಷರತ್ತು ಹಾಕಿ: ಅಲ್ಲಿ ಫೋಟೋ ಇಲ್ಲದ ಬಯೋಡೇಟಾ ತೆಗೆದುಕೊಳ್ಳಬೇಕು, ಅಭ್ಯರ್ಥಿಗೆ ನಂಬರ್ ಕೊಡಬೇಕು. ಜಾಗ, ಪೆಂಡಾಲು, ಪ್ರಚಾರ ಎಲ್ಲ ಜಿಲ್ಲಾಡಳಿತದ್ದಾದ ಮೇಲೆ ಇಷ್ಟು ಷರತ್ತು ಹಾಕುವುದು ಕಷ್ಟದ ಮಾತಲ್ಲ. ತಮ್ಮ ಅಧೀನದ ಕಚೇರಿಗಳು ತುಂಬುವ ಗುತ್ತಿಗೆ, ಹೊರಗುತ್ತಿಗೆ ಹುದ್ದೆಗಳಲ್ಲಿ ಆಯ್ಕೆ ಪಟ್ಟಿ ಪ್ರಕಟವಾದ ಮೇಲೆಯೇ ಫೋಟೋ ಪಡೆಯಲು ಆದೇಶಿಸಿ. ಏಜೆನ್ಸಿಗಳ ಜೊತೆಗಿನ ಕರಾರಿನಲ್ಲೂ ಅದನ್ನು ಬರೆಸಿ.

ಶಾಲೆಗಳ ವಿಷಯಕ್ಕೆ ತಮ್ಮ ಅಧ್ಯಕ್ಷತೆಯಲ್ಲೇ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರ ಇದೆ. ಎಲ್ಲ ಖಾಸಗಿ ಶಾಲೆಗಳ ಪ್ರವೇಶ ಅರ್ಜಿಯ ಒಂದೊಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೂಲಕ ತರಿಸಿ ನೋಡಿ. ಕುಟುಂಬದ ಫೋಟೋ ಕೇಳುವುದು ಪೂರ್ತಿ ನಿಲ್ಲಬೇಕು. ಮಗುವಿನ ಫೋಟೋವನ್ನು ಸೀಟು ಕೊಟ್ಟ ಮೇಲೆ ತೆಗೆದುಕೊಳ್ಳಲಿ. ಮಗುವನ್ನು ಕರೆದೊಯ್ಯಲು ಬರುವವರ ಗುರುತಿಗೆ ತಂದೆ ತಾಯಿಯ ಫೋಟೋ ಬೇಕಾದರೆ ಅದನ್ನೂ ಆಮೇಲೆ ಕೇಳಲಿ. ಎಲ್‌ಕೆಜಿಗೂ ಇದೇ ನಿಯಮ ಇರಲಿ. ಈ ವಿಷಯದಲ್ಲಿ ಮುಂದಿನ ವರ್ಷ ನೋಡೋಣ ಅನ್ನಬೇಡಿ ಅಂತ ವಿಶೇಷವಾಗಿ ಬೇಡಿಕೊಳ್ಳುತ್ತೇನೆ. ಒಂದನೇ ತರಗತಿಗೆ ಒಂದು ಮಗು ಒಂದೇ ಸಲ ಸೇರುವುದು.

ಹೆಣ್ಣುಮಕ್ಕಳಿಗಾಗಿ ಇನ್ನೊಂದು ಮಾತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ದೂರು ಕೊಡುವ ಹೆಣ್ಣುಮಗಳು ಅಲ್ಲಿಯ ನೌಕರಳೇ ಆಗಿರಬೇಕೆಂದಿಲ್ಲ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಗಳ ದೂರಿಗೆ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕು. ನನ್ನ ಅಂಗಡಿಗೆ ಬರುವ ಹುಡುಗಿಯರನ್ನು ಕೇಳಿ ನೋಡಿದ್ದೇನೆ, ಇಂಥದ್ದೊಂದು ಸಮಿತಿ ಇದೆ ಅಂತ ಯಾರಿಗೂ ಗೊತ್ತಿಲ್ಲ. ಅದರ ಫೋನ್ ನಂಬರನ್ನು ಉದ್ಯೋಗ ವಿನಿಮಯ ಕೇಂದ್ರದಲ್ಲಿ, ಕಾಲೇಜುಗಳಲ್ಲಿ, ಲೇಡೀಸ್ ಹಾಸ್ಟೆಲ್ಲುಗಳಲ್ಲಿ, ಚಿಗರಿ ಬಸ್ ನಿಲ್ದಾಣಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಕಂಪನಿಯ ಹೆಸರಿಲ್ಲದೆ ಫುಲ್ ಸೈಜ್ ಫೋಟೋ ಕೇಳುವ ಜಾಹೀರಾತು ಕಂಡರೆ ಕಳಿಸಲು ಒಂದು ವಾಟ್ಸಾಪ್ ನಂಬರ್ ಕೊಡಿ. ಪೊಲೀಸರು ಮತ್ತು ಕಾರ್ಮಿಕ ಇಲಾಖೆಯವರು ಕೂಡಿ ಅದನ್ನು ನೋಡಿಕೊಳ್ಳಲಿ. ನಮ್ಮಂಥ ಅಂಗಡಿಯವರ ಕಣ್ಣಿಗೇ ಇವು ಮೊದಲು ಬೀಳುವುದು, ನಾವೇ ಕಳಿಸುತ್ತೇವೆ.

ಇಷ್ಟರ ಜೊತೆಗೆ ರಾಜ್ಯ ಸರ್ಕಾರಕ್ಕೆ ತಮ್ಮ ಕಚೇರಿಯಿಂದ ಒಂದು ಪ್ರಸ್ತಾವ ಹೋಗಲಿ. ಆಯ್ಕೆಗೆ ಮೊದಲು ಫೋಟೋ ಕೇಳುವಂತಿಲ್ಲ, ಆಯ್ಕೆ ಆಗದವರ ಅರ್ಜಿಗಳನ್ನು ಹರಿದು ನಾಶ ಮಾಡಬೇಕು ಅಥವಾ ವಾಪಸ್ ಕೊಡಬೇಕು ಎಂಬ ನಿಯಮ ಇಡೀ ಕರ್ನಾಟಕಕ್ಕೆ ಬರಲಿ. ತೊನ್ನು, ಸುಟ್ಟ ಕಲೆ, ಮೈಬಣ್ಣದ ಕಾರಣಕ್ಕೆ ಕೆಲಸ ನಿರಾಕರಿಸುವುದನ್ನು ತಪ್ಪು ಅಂತ ಕಾನೂನೇ ಹೆಸರಿಟ್ಟು ಹೇಳಲಿ.

ತಮ್ಮ ಉತ್ತರವನ್ನೂ ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿ. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದು ಆಗುವುದಿಲ್ಲ, ಆಗದಿದ್ದರೆ ಯಾಕೆ ಅಂತ ತಿಳಿಸಿದರೆ ನಾವು ಮುಂದೆ ಯಾರ ಬಾಗಿಲಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ. ಫೋಟೋ ಚೌಕ ಇಲ್ಲದ ಅರ್ಜಿಯ ನಮೂನೆ ಬೇಕಿದ್ದರೆ ಕನ್ನಡದಲ್ಲೇ ಟೈಪ್ ಮಾಡಿ ನಾನೇ ತಮ್ಮ ಕಚೇರಿಗೆ ತಂದುಕೊಡುತ್ತೇನೆ.

ಗೌರವಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಫೋಟೋ ಮತ್ತು ಝೆರಾಕ್ಸ್ ಅಂಗಡಿಯವನು,
ಸಪ್ತಾಪುರ, ಧಾರವಾಡ.

ಪ್ರತಿಗಳು: ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಧಾರವಾಡ, ಕಾರ್ಮಿಕ ಇಲಾಖೆ, ಹುಬ್ಬಳ್ಳಿ, ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ.